ಸಮಪಾಲಿನ ಡಾಕ್ಟರು

ಈ ಮೂಲಕ ಸಮಸ್ತ ಕನ್ನಡಿಗರಿಗೂ, ಉಳಿದ ನರಮಾನವರಿಗೂ ತಿಳಿಯಪಡಿಸುವುದೇನೆಂದರೆ, ಲೀಡ್ಸ್ ಪಕ್ಕದ ಹೋಮ್‌ರಾಯ್ಡ್ ರಗ್ಬಿ ಲೀಗ್ ಕ್ಲಬ್ಬಿನ ಹೊಸ ಲೌಂಜಿನ ಸೋಫಾಗಳ ಬಣ್ಣ ಕೊನೆಗೂ ಇತ್ಯರ್ಥವಾಗಿದೆ. ತಿಳಿನೀಲಿ ಅಲ್ಲ, ಕಡುನೀಲಿ. ಲೌಂಜೇ ಇನ್ನೂ ಕಟ್ಟಿಲ್ಲ, ಅದು ಬೇರೆ ಮಾತು.

ಕಟ್ಟೋಕೆ ಮೊದಲೇ ಅದಕ್ಕೆ ನಾಮಕರಣ ಆಗಿತ್ತು: 'ಡಾಕ್ಟರ್ ಚಿದಾನಂದ ಲೌಂಜ್'. ಬಾಗಲಕೋಟೆ ಕಡೆಯಿಂದ ಬಂದು ಆ ಊರಲ್ಲಿ ಜಿಪಿ, ಅಂದ್ರೆ ಎಲ್ಲ ಕಾಯಿಲೆಗೂ ಮೊದಲು ನೋಡೋ ಊರ ಡಾಕ್ಟರು, ಆದ ಚಿದಾನಂದ, ಅರ್ಧ ಊರಿನ ಮೊಣಕಾಲು ನೋಡಿ ನೋಡಿ, ಊರವರ ಪ್ರೀತಿಯಿಂದಲೇ ಕ್ಲಬ್ಬಿನ ಡೈರೆಕ್ಟರೂ ಆಗಿದ್ರು. ಹೆಸರು ಮಾತ್ರ ಪುಕ್ಕಟೆ ಬಂದದ್ದಲ್ಲ. ಟಿವಿಯವರು ಲೀಗಿಗೆ ಕೊಡೋ ದುಡ್ಡನ್ನ ಎಲ್ಲ ಕ್ಲಬ್ಬಿಗೂ ಸಮ ಹಂಚೋದು ಬೇಡ, ಯಾರ ಮ್ಯಾಚನ್ನ ಜನ ಜಾಸ್ತಿ ನೋಡ್ತಾರೋ ಅವರಿಗೆ ಜಾಸ್ತಿ ಕೊಡಿ ಅಂತ ದೊಡ್ಡ ಕ್ಲಬ್ಬುಗಳು ತಗಾದೆ ತೆಗೆದಿದ್ವು. ಮ್ಯಾಂಚೆಸ್ಟರಿನ ಸಭೆಯಲ್ಲಿ ನಮ್ಮ ಡಾಕ್ಟರು ಎದ್ದು ನಿಂತು, "ನಮ್ಮಲ್ಲಿ ದಾಸೋಹ ಅಂತ ಒಂದಿದೆ. ಪಂಕ್ತೀಲಿ ಕೂತ ಮೇಲೆ ದೊಡ್ಡ ಹೊಟ್ಟೆಗೆ ತುಪ್ಪ, ಸಣ್ಣ ಹೊಟ್ಟೆಗೆ ತಿಳಿಸಾರು ಅನ್ನೋ ಹಾಗಿಲ್ಲ. ನಾವೆಲ್ಲ ಹಸಿದು ಸತ್ರೆ ನೀವು ಯಾರ ಮೇಲೆ ಆಡ್ತೀರಿ?" ಅಂತ ಟೇಬಲ್ ಗುದ್ದಿದ್ರು. ಸಮಪಾಲೇ ಗೆದ್ದಿತು. ಹಾಗೆ ಉಳಿದ ದುಡ್ಡಲ್ಲೇ, ಉಳಿಸಿದವರ ಹೆಸರಲ್ಲೇ ಲೌಂಜು.

ಡಾಕ್ಟರು ಆ ಲೌಂಜಿನ ನಕ್ಷೇನ ಊಟದ ಟೇಬಲ್ ಮೇಲೆ ಹರಡಿ ಕೂತಿದ್ರು. ಹೆಂಡತಿ ಉಮಾ ರೊಟ್ಟಿ ಡಬ್ಬಿ ಇಡೋಕೆ ಜಾಗ ಹುಡುಕ್ತಿದ್ರು.

"ರೀ, ನಿಮ್ಮ ಲೌಂಜು ಸ್ವಲ್ಪ ಸರಸ್ರಿ. ಪಲ್ಯ ಚೆಲ್ಲತೈತಿ."

"ಹೆಸರ ಮ್ಯಾಲೆ ಚೆಲ್ಲಬ್ಯಾಡ ಅಷ್ಟ. ಬಂಗಾರದ ಅಕ್ಷರ ಅದು."

ಮಗಳು ಅನ್ವಿತಾ ಅದೇ ಕ್ಲಬ್ಬಿನ ಹೆಂಗಸರ ತಂಡದಲ್ಲಿ ಆಡ್ತಾಳೆ. ಪ್ರ್ಯಾಕ್ಟೀಸ್ ಮುಗಿಸಿ ಬಂದವಳು ಭುಜದ ಮೇಲೆ ಐಸ್ ಇಟ್ಕೊಂಡು ಎದುರು ಕೂತಳು.

"ಪಪ್ಪಾ, ಬರೋ ಸೀಸನ್ನಿಂದ ಫಿಸಿಯೋ ಇಲ್ದಿರೋ ಟೀಮ್ ಆಡಂಗಿಲ್ಲ. ಲೀಗ್ ರೂಲ್. ನಮಗ ಫಿಸಿಯೋ ಇಲ್ಲ. ಚೇರ್ಮನ್ನು ಬಜೆಟ್ ಇಲ್ಲ ಅಂದ್ರು. ಸೋ, ನಮ್ಮ ಟೀಮ್ ಫಿನಿಶ್."

"ನಾ ಬಂದು ನಿಂದ್ರತೀನಲ್ಲವಾ."

"ಎಲ್ಲಾ ಮ್ಯಾಚಿಗೂ? ಪ್ರ್ಯಾಕ್ಟೀಸಿಗೂ? ನಿಮ್ಮ ಕ್ಲಿನಿಕ್ಕಿನ ಡ್ಯೂಟಿ ಯಾರು ನೋಡತಾರ?"

ಡಾಕ್ಟರು ಕನ್ನಡಕ ಒರೆಸಿಕೊಂಡ್ರು. "ನೋಡವಾ, ನಿಮ್ಮ ಮ್ಯಾಚು ಟಿವ್ಯಾಗ ಬರಂಗಿಲ್ಲ. ಜನ ನೋಡಂಗಿಲ್ಲ. ದುಡ್ಡು ತರೋದು ಗಂಡಸರ ಟೀಮು. ತಂದವರು ಖರ್ಚು ಮಾಡತಾರ. ಅದು ನ್ಯಾಯ."

ಅನ್ವಿತಾ ನಕ್ಕುಬಿಟ್ಟಳು. "ಸೇಮ್ ಲೈನ್, ಪಪ್ಪಾ. ಮ್ಯಾಂಚೆಸ್ಟರ್‌ನಾಗ ದೊಡ್ಡ ಕ್ಲಬ್ಬಿನವರು ಹೇಳಿದ್ದು ಇದನ್ನ. ಯೂ ಬ್ಯಾಂಗ್ಡ್ ದ ಟೇಬಲ್."

ಉಮಾ ರೊಟ್ಟಿ ಮುರೀತಾ, ಯಾರ ಕಡೆಗೂ ನೋಡದೆ ಅಂದ್ರು: "ಪಂಕ್ತಿ ಪಂಕ್ತಿ ಅಂತ ಊರಿಗೆಲ್ಲ ಹೇಳಿ ಬಂದ್ರಿ. ಆ ಪಂಕ್ತ್ಯಾಗ ಈಕಿ ತಾಟು ಎಲ್ಲಿಟ್ಟಿದ್ರಿ?"

ಡಾಕ್ಟರು ನಕ್ಷೆ ಮಡಚಿದ್ರು.

ಭಾನುವಾರ ಮೊದಲ ಸಲ ಹೆಂಗಸರ ಮ್ಯಾಚು ನೋಡೋಕೆ ಹೋದ್ರು. ಅದು ನಡೆಯೋದು ದೊಡ್ಡ ಸ್ಟೇಡಿಯಮ್ಮಿನ ಬೆನ್ನಿಗೆ, ಕಾರ್ ಪಾರ್ಕಿನಾಚೆಯ ಹಸಿ ಹುಲ್ಲಲ್ಲಿ. ಬಟ್ಟೆ ಬದಲಾಯಿಸೋದು ಕಾರಲ್ಲಿ. ಕ್ಯಾಪ್ಟನ್ ಕ್ಯಾಥ್, ವಾರವಿಡೀ ಬಸ್ ಓಡಿಸೋ ಹೆಂಗಸು, ಪಾದದ ಗಂಟಿಗೆ ವೈರಿಗೆ ಸುತ್ತೋ ಕರಿ ಟೇಪ್ ಸುತ್ತಿಕೊಳ್ತಿದ್ಳು.

"ಇದು ಎಲೆಕ್ಟ್ರಿಕ್ ಟೇಪಲ್ವಾ?"

"ಕರೆಂಟು ನಮ್ಮೊಳಗೇ ಇದೆ ಡಾಕ್, ಹೊರಗೆ ಹೋಗದಿರ್ಲಿ ಅಂತ."

ಆಟ ಶುರುವಾಯ್ತು. ತನಗಿಂತ ಎರಡರಷ್ಟು ಅಗಲದವಳು ಗೂಳಿ ಹಾಗೆ ನುಗ್ಗಿ ಬಂದಾಗ, ಅನ್ವಿತಾ ಹಿಂದೆ ಸರೀಲಿಲ್ಲ. ನೋಯೋ ಭುಜವನ್ನೇ ಕೊಟ್ಟು ಕೆಡವಿದಳು. ಎದ್ದಳು. ಮತ್ತೆ ಲೈನಿಗೆ ನಿಂತಳು. ಪಕ್ಕದಲ್ಲಿ ನಾಯಿ ಹಿಡಿದುಕೊಂಡು ನಿಂತ ಮುದುಕ, "ಆ ಹುಡುಗಿ ಯಾರಪ್ಪಾ, ಕಲ್ಲು ಗೋಡೆ" ಅಂದ. ಡಾಕ್ಟರ ಎದೆ ಎಷ್ಟು ಉಬ್ಬಿತು ಅಂದ್ರೆ, ಕೋಟಿನ ಗುಂಡಿಗೆ ಕಷ್ಟ ಆಯ್ತು. "ನನ್ನ ಮಗಳು" ಅಂದ್ರು. ಬಂಗಾರದ ಅಕ್ಷರ ನೋಡಿದಾಗಲೂ ಇಷ್ಟು ಉಬ್ಬಿರಲಿಲ್ಲ. ಗಂಡಸರಿಗೆ ಪಾಲು, ಹೆಂಗಸರಿಗೆ ಪಾಡು ಅಂತ ಹಂಚಿದವರಲ್ಲಿ ತಾವೂ ಒಬ್ಬರು ಅನ್ನೋದು ಆಗಲೇ ಹೊಳೆದು, ಉಬ್ಬಿದ ಎದೆ ಚುಚ್ಚಿತು.

ಬೋರ್ಡ್ ಮೀಟಿಂಗಿನ ದಿನ ಚೇರ್ಮನ್ ಜೆಫ್ ಹುರುಪಲ್ಲಿದ್ರು. "ಟಿವಿ ದುಡ್ಡಲ್ಲಿ ಲೌಂಜು ಕಟ್ಟೋ ನಮ್ಮ ಖರ್ಚಿನ ಯೋಜನೆ ಇಲ್ಲಿ ವೋಟಾಗಿ ಇವತ್ತು ಸಂಜೆ ಐದರೊಳಗೆ ಲೀಗಿಗೆ ಮುಟ್ಟಬೇಕು. ಮುಟ್ಟದಿದ್ರೆ ಅವರ ನಿಯಮ ಗೊತ್ತಲ್ಲ, ಅಷ್ಟೂ ದುಡ್ಡು ಕ್ಲಬ್ಬಿನ ಎಲ್ಲ ಆಟಗಾರರ ಆರೋಗ್ಯದ ಖಾತೆಗೆ ಹೋಗುತ್ತೆ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರಿಗೂ."

"ಹಾಗೇ ಹೋಗ್ಲಿ ಅಂತೀನಿ" ಅಂದ್ರು ಡಾಕ್ಟರು. "ಹೆಂಗಸರಿಗೆ ಫಿಸಿಯೋ ಬೇಕು."

"ಡಾಕ್, ಲೌಂಜಿದ್ರೆ ಸ್ಪಾನ್ಸರ್ ಬರ್ತಾರೆ. ಸ್ಪಾನ್ಸರ್ ಬಂದ್ರೆ ಎಲ್ಲರಿಗೂ ಬರುತ್ತೆ. ನಾನೇನು ಹೆಂಗಸರ ವೈರಿನಾ?"

"ಅಲ್ಲ ಸರ್. ಆದ್ರೆ ನೀವು ಕೊಡೋ ಹೊತ್ತಿಗೆ ಆ ತಂಡ ಇರಲ್ಲ."

ಉಳಿದಿಬ್ಬರು ಡೈರೆಕ್ಟರುಗಳು ಚೇರ್ಮನ್ ಕಡೆ ವಾಲಿದ್ರು. ಮೂರಕ್ಕೆ ಒಂದು. ವೋಟಿಗೆ ಹೋದ್ರೆ ಸೋಲು ಗ್ಯಾರಂಟಿ.

ಡಾಕ್ಟರು ನಿಧಾನಕ್ಕೆ ಎದ್ದು ನಿಂತ್ರು. "ಒಂದು ವಿಷಯ ಬರ್ಕೊಳ್ಳಿ. ಲೌಂಜಿಗಿರೋದು ನನ್ನ ಹೆಸರು. ಇದರಲ್ಲಿ ನನ್ನ ಸ್ವಹಿತಾಸಕ್ತಿ ಇದೆ. ಕ್ಲಬ್ಬಿನ ಕಟ್ಟಳೆ ಪ್ರಕಾರ ನಾನು ಈ ಸಭೆಯಲ್ಲಿ ಕೂರೋ ಹಾಗಿಲ್ಲ." ಹೊರಗೆ ಹೋಗಿ ಬಾಗಿಲು ಹಾಕಿಕೊಂಡ್ರು.

ಒಳಗೆ ಗದ್ದಲ ಎದ್ದಿತು; ಕಟ್ಟಳೆ ಪುಸ್ತಕ ತಿರುವೋದ್ರಲ್ಲೇ ಐದಕ್ಕೆ ಎರಡು ನಿಮಿಷ ಉಳಿಯಿತು. ಜೆಫ್ ಬಾಗಿಲು ತೆರೆದ್ರು. "ಒಳಗೆ ಬನ್ನಿ ಡಾಕ್. ಸಭೆ ನಡೀಬೇಕಾದ್ರೆ ಕೋರಂಗೆ ನಾಲ್ಕು ಡೈರೆಕ್ಟರು ಬೇಕು. ಐದನೆಯವ ರಜೆ ಹಾಕಿ ಟೆನೆರೀಫೆ ದ್ವೀಪದಲ್ಲಿ ಬಿಸಿಲು ಕಾಯ್ತಿದ್ದಾನೆ."

"ಫೋನ್ ಮಾಡಿ."

"ಖುದ್ದು ಹಾಜರಿರಬೇಕು ಅಂತಿದೆ. ಕಟ್ಟಳೆ ಬರೆದ ಮುತ್ತಾತಂದಿರು ಫೋನೇ ನಂಬಿರಲಿಲ್ಲ."

"ಹಾಗಾದ್ರೆ ಕಷ್ಟ."

"ಸರಿ, ನಿಮ್ಮ ಹೆಸರೇ ತೆಗೆದುಬಿಡ್ತೀವಿ. ಬೇರೆ ಹೆಸರು ಇಡೋಣ. ಆಗ ನೀವು ಒಳಗೆ ಬರಬಹುದಲ್ಲ?"

"ಧಾರಾಳವಾಗಿ ತೆಗೀರಿ ಸರ್. ನನಗೇನೂ ಬೇಜಾರಿಲ್ಲ." ಡಾಕ್ಟರು ಕಿಟಕಿಯಾಚೆ ನೋಡ್ತಿದ್ರು. ಕಾರ್ ಪಾರ್ಕಿನಾಚೆ ಹೆಂಗಸರು ಪ್ರ್ಯಾಕ್ಟೀಸಿಗೆ ಒಬ್ಬೊಬ್ಬರಾಗಿ ಬರ್ತಿದ್ರು.

ಅಷ್ಟರಲ್ಲಿ ಕ್ಲಬ್ಬಿನ ಸೆಕ್ರೆಟರಿ ಒಳಗಿಂದ ಕೆಮ್ಮಿದ. "ಜೆಫ್, ಹೆಸರು ತೆಗೆಯೋಕೂ ವೋಟು ಬೇಕು. ವೋಟಿಗೂ ಕೋರಂ ಬೇಕು."

ಜೆಫ್ ಗೋಡೆ ಗಡಿಯಾರ ನೋಡಿದ್ರು. ಐದು ದಾಟಿತ್ತು.