ಉಮಾಶ್ರೀಯ ಚುರಮರಿ

ಬೈಲಹೊಂಗಲದ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ನೌಕರಿ ಪರೀಕ್ಷೆಯವರಿಗೆ ಇಂಗ್ಲಿಷ್ ಕಲಿಸುತ್ತೇನೆ. ತರಗತಿಯ ಕಟ್ಟಳೆ ಒಂದೇ: ತಪ್ಪು ಉತ್ತರ ಹೇಳಿದವರು ಶನಿವಾರ ಎಲ್ಲರಿಗೂ ಚುರಮರಿ ತರಬೇಕು. ಕಟ್ಟಳೆ ಮಾಡಿದವನು ನಾನೇ. ಆರು ವರ್ಷದಲ್ಲಿ ಒಮ್ಮೆಯೂ ತಂದವನಲ್ಲ.

ಮಂಗಳವಾರ ‘ರೆಂಟ್’ ಬಂತು. ಮನೆಗಾದರೆ ಬಾಡಿಗೆ, ಹೊಲಕ್ಕಾದರೆ ಲಾವಣಿ, ಕೊಡುವುದಕ್ಕೂ ಹಿಡಿಯುವುದಕ್ಕೂ ಅದೇ ಪದ ಎಂದು ಹಲಗೆ ತುಂಬ ಬರೆದು, ಇನ್ನೇನಾದರೂ ಅರ್ಥ ಇದೆಯೇ ಎಂದೆ. ಇಲ್ಲ ಅನ್ನಿಸಿಕೊಳ್ಳಲಿಕ್ಕೇ ಕೇಳುವ ಪ್ರಶ್ನೆ ಅದು. ನೇಸರಗಿಯಿಂದ ಬಸ್ಸಿನಲ್ಲಿ ಬರುವ ಉಮಾಶ್ರೀ ಎದ್ದು ನಿಂತಳು.

“ಹರದದ್ದು ಅಂತನೂ ಆಗತೈತ್ರಿ ಸರ್. ಹರದ ಅರಿವಿ, ಸೀಳಿದ್ದು.”

“ಅದಕ್ಕ ಟಾರ್ನ್ ಅಂತಾರವ್ವಾ. ನಿಮ್ಮೂರಾಗ ಅರಿವಿ ಹರದ ಮ್ಯಾಲ ಬಾಡಿಗಿ ಕೊಡತಾರೇನು?”

ತರಗತಿ ನಕ್ಕಿತು. ಹಿಂದಿನ ಬೆಂಚಿನ ನಿಂಗರಾಜ ಚುರಮರಿಗೆ ಖಾರ ಜಾಸ್ತಿ ಇರಲೆಂದ. ಅವಳು ಕುಳಿತಳು, ತನ್ನ ವಹಿಯಲ್ಲಿ ಬರೆದುಕೊಂಡದ್ದನ್ನು ಮಾತ್ರ ಹೊಡೆದುಹಾಕಲಿಲ್ಲ.

ಶುಕ್ರವಾರ ಬೇರೆ ಯಾವುದೋ ಪದಕ್ಕೆಂದು ನಿಘಂಟು ತೆಗೆದೆ ಎನ್ನಬಹುದು. ಸುಳ್ಳು. ಅದನ್ನೇ ಹುಡುಕಿದೆ. ಹರಿದ, ಸೀಳಿದ, ಬಟ್ಟೆಯಲ್ಲಿನ ಸೀಳು, ಒಂದೇ ಪಂಗಡದವರ ನಡುವಿನ ಒಡಕು. ನಾನು ಓದಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಬೇಕಿರಲಿಲ್ಲ. ನಾಳೆ ಪಾಠಕ್ಕೆ ಮೊದಲು ಇದನ್ನೇ ಹೇಳುವುದೆಂದು ನಿಶ್ಚಯಿಸಿದೆ. ಒಳ್ಳೆಯ ನಿಶ್ಚಯ ಮಾಡಿದವನಿಗೆ ಅರ್ಧ ಕೆಲಸ ಮುಗಿದಂತೆಯೇ ಅನ್ನಿಸುತ್ತದೆ.

ಶನಿವಾರ ಉಮಾಶ್ರೀ ದೊಡ್ಡ ಡಬ್ಬಿ ತುಂಬ ಚುರಮರಿ ತಂದಿದ್ದಳು. ಚುರಮರಿ ಮೆತ್ತಗಾಗಬಾರದೆಂದು ಉಳ್ಳಾಗಡ್ಡಿಯನ್ನು ಬೇರೆಯಾಗಿಯೇ ಹೆಚ್ಚಿ ತಂದಿದ್ದಳು. ಎಲ್ಲರೂ ಕಾಗದ ಹಿಡಿದು ಸಾಲುಗಟ್ಟಿದ್ದರಿಂದ ತಿಂದಾದ ಮೇಲೆ ಹೇಳೋಣ ಎಂದುಕೊಂಡೆ. ಪದ್ಧತಿಯಂತೆ ಮೊದಲ ಪಾಲು ನನಗೆ. ತಿಂದೆ. ರುಚಿಯಾಗಿತ್ತು. ಆಮೇಲೆ ಪಾಠ ಶುರು ಮಾಡಿದೆ.

ತರಗತಿ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿ, ನಿನ್ನ ಉತ್ತರ ಬರೋಬರಿ ಇತ್ತು ಎಂದೆ. ದನಿ ತಗ್ಗಿಸಿಯೇ ಎಂದೆ.

“ನನಗ ಗೊತ್ತೈತ್ರಿ ಸರ್. ನಿಮಗ ಯಾವಾಗ ಗೊತ್ತಾತ್ರಿ?”

ಈಗಷ್ಟೇ ಎನ್ನಬಹುದಿತ್ತು. ನಿನ್ನೆ ಎಂದೆ.

ಅವಳು ಲೆಕ್ಕ ಹಾಕಿದ್ದು ಮುಖದಲ್ಲಿ ಕಂಡಿತು. ಖಾಲಿ ಡಬ್ಬಿಯನ್ನು ಚೀಲಕ್ಕೆ ತುರುಕಿದಳು.

“ಅವರೆಲ್ಲಾ ಇನ್ನೂ ಕೆಳಗ ನಿಂತಾರ್ರಿ,” ಎಂದಳು.

ನಿಂತಿದ್ದರು. ನಿಂಗರಾಜನ ನಗು ಕೇಳುತ್ತಿತ್ತು. ಒಂಬತ್ತು ಮೆಟ್ಟಿಲು. ಅವಳು ಕಾದಳು, ನಾನು ಕೋಣೆಗೆ ಕೀಲಿ ಹಾಕತೊಡಗಿದೆ. ಇರುವುದು ಒಂದೇ ಕೀಲಿ. ನೇಸರಗಿ ಬಸ್ಸಿಗೆ ಹೊತ್ತಾಗಿ ಅವಳು ಇಳಿದು ಹೋಗುವವರೆಗೂ ಅದನ್ನೇ ಹಾಕುತ್ತಿದ್ದೆ.