ತಂತಿಯೊಳಗಿನ ನೀರು

ಕಳವಾರದ ಪುಟ್ಟಸ್ವಾಮಯ್ಯ ಮೇಷ್ಟ್ರು ತಮ್ಮ ತಾರಸಿಯನ್ನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಬಾಡಿಗೆಗೆ ಕೊಟ್ಟಾಗ, ಊರವರು ಮೊಬೈಲ್ ಟವರ್ ಬರುತ್ತದೆ ಎಂದುಕೊಂಡಿದ್ದರು. ಬಂದದ್ದು ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಿಸ್ಕತ್ತಿನಷ್ಟು ಅಗಲದ ಇಪ್ಪತ್ತನಾಲ್ಕು ಗಾಜಿನ ಬಿಲ್ಲೆಗಳು, ಮತ್ತು ಹದಿನೈದು ದಿನಕ್ಕೊಮ್ಮೆ ಚಿಕ್ಕಬಳ್ಳಾಪುರದಿಂದ ಆಟೊದಲ್ಲಿ ಬಂದು ಅವನ್ನು ಪರೀಕ್ಷಿಸಿ ಹೋಗುವ ಲಾವಣ್ಯ ಎಂಬ ಹುಡುಗಿ.

ಒಂದೊಂದು ಬಿಲ್ಲೆಯಲ್ಲೂ ಎರಡು ಗಾಜುಗಳ ನಡುವೆ ಪೆರೊವ್‌ಸ್ಕೈಟ್ ಎಂಬ ವಸ್ತುವಿನ ತೆಳುವಾದ ಲೇಪವಿತ್ತು. ಬಿಸಿಲಿನಿಂದ ಕರೆಂಟು ತೆಗೆಯುವುದರಲ್ಲಿ ಅದು ಮನೆಗಳ ಮೇಲಿರುವ ಮಾಮೂಲಿ ಸೋಲಾರ್ ಹಲಗೆಗೆ ಸರಿಸಾಟಿ. ಮಾಡುವುದೂ ಸುಲಭ. ಆದರೆ ಬಾಳಿಕೆ ಇಲ್ಲ. ಬಿಸಿ ತಾಗಿದರೆ ಕೆಡುತ್ತದೆ, ತೇವ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ಕಪ್ಪಗಿದ್ದದ್ದು ಅರಿಸಿನದಂತೆ ಹಳದಿಯಾಗುತ್ತದೆ. ಅದನ್ನು ಹೆಚ್ಚು ದಿನ ಉಳಿಸುವುದೇ ಲಾವಣ್ಯಳ ಪಿಎಚ್‌ಡಿ. ಸ್ಕಂದಗಿರಿಯ ಬುಡದ ಈ ಊರಿನಲ್ಲಿ ಬೆಳಗಿನ ಒಂಬತ್ತರವರೆಗೂ ಗಾಜಿನ ಮೇಲೆ ಮಂಜು ಹನಿಯುತ್ತದೆ, ಮಧ್ಯಾಹ್ನ ಅದೇ ಗಾಜು ಕೈ ಸುಡುತ್ತದೆ. ಇಲ್ಲಿ ಉಳಿದದ್ದು ಎಲ್ಲಿಯಾದರೂ ಉಳಿದೀತು ಎಂದು ಅವಳು ಈ ಜಾಗ ಹುಡುಕಿದ್ದಳು.

ಬಿಲ್ಲೆಗಳಲ್ಲಿ ಹನ್ನೆರಡು ಹಳೆಯ ಪಾಕದವು. ಇನ್ನು ಹನ್ನೆರಡಕ್ಕೆ ಅವಳು ಒಂದು ಹೊಸ ಲವಣವನ್ನು ಚಿಟಿಕೆಯಷ್ಟು ಬೆರೆಸಿದ್ದಳು. ಎಲ್ಲವನ್ನೂ ಜುಲೈ ತಿಂಗಳ ಒಂದೇ ದಿನ ಚೌಕಟ್ಟಿಗೆ ಏರಿಸಿದಳು. ಮೇಷ್ಟ್ರು ದಿನಾ ಬೆಳಿಗ್ಗೆ ಗಾಜಿನ ಧೂಳು ಒರೆಸಿ, ಹವೆ ಹೇಗಿತ್ತೆಂದು ಒಂದು ಸಾಲು ಬರೆದಿಡುತ್ತಿದ್ದರು.

ಮೂವತ್ತೆಂಟನೆಯ ದಿನದ ಹೊತ್ತಿಗೆ ಹಳೆಯ ಪಾಕದ ಬಿಲ್ಲೆಗಳ ಶಕ್ತಿ ನೂರರಿಂದ ಎಂಬತ್ತಕ್ಕೆ ಇಳಿದಿತ್ತು. ಎಂಬತ್ತಕ್ಕೆ ಇಳಿದರೆ ಬಿಲ್ಲೆ ಸತ್ತಂತೆ ಎಂಬುದು ಲ್ಯಾಬಿನವರ ಲೆಕ್ಕ. ಹೊಸವು ನವೆಂಬರ್ ಬಂದರೂ ತೊಂಬತ್ತರ ಮೇಲೇ ಇದ್ದವು. ಲಾವಣ್ಯಳ ಗೈಡ್ ಡಾ. ಮಹತಿ ಆ ಗ್ರಾಫನ್ನು ಎರಡು ಸಲ ನೋಡಿ, "ಬರಿ, ಕಳ್ಸೋಣ" ಎಂದರು. ಬಾಳಿಕೆ ಮೂರು ಪಟ್ಟಿಗೂ ಹೆಚ್ಚಿದೆ ಎಂಬ ಲೇಖನ ಒಂದು ದೊಡ್ಡ ಪತ್ರಿಕೆಗೆ ಹೋಯಿತು. ಮಾರ್ಚಿಗೆ ಅವಳ ಫೆಲೋಶಿಪ್ ಮುಗಿಯುತ್ತಿತ್ತು. ಅಷ್ಟರಲ್ಲಿ ಲೇಖನ ಅಚ್ಚಾದರೆ ಮುಂದಿನ ದಾರಿ ತಾನಾಗಿ ತೆರೆದುಕೊಳ್ಳುತ್ತದೆ ಎಂದು ಅವಳಿಗೆ ಧೈರ್ಯ ಬಂದಿತ್ತು.

ಡಿಸೆಂಬರಿನ ಒಂದು ಭಾನುವಾರ ಅವಳು ಚಿಂತಾಮಣಿಗೆ ಹೋದಳು. ಅವಳ ಅಪ್ಪ ಅಮ್ಮ ಅಲ್ಲಿ ಬೋರ್‌ವೆಲ್ ಮೋಟರುಗಳ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಅಪ್ಪ ನಲ್ಲಪ್ಪ ಲಾರಿ ಕಟ್ಟಿಕೊಂಡು ಹೋಗಿ ಸಾವಿರ, ಸಾವಿರದಿನ್ನೂರು ಅಡಿ ಆಳದಿಂದ ಸುಟ್ಟ ಮೋಟರುಗಳನ್ನು ಎತ್ತಿ ತರುವುದು, ಅಮ್ಮ ಮುನಿಗಂಗಮ್ಮ ಅವುಗಳ ಹೊಟ್ಟೆ ಬಗೆದು ಹೊಸ ತಂತಿ ಸುತ್ತುವುದು. ಇಪ್ಪತ್ತಾರು ವರ್ಷದಿಂದ ಹಾಗೇ ನಡೆದಿತ್ತು. ಅಂದು ನಲ್ಲಪ್ಪ ಒಂದು ಮೋಟರಿಗಾಗಿ ಹೊರಗೆ ಹೋಗಿದ್ದ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರರ ಪಟಗಳ ಕೆಳಗೆ, ಮಣೆಯ ಮೇಲೆ ಕೂತು ಮುನಿಗಂಗಮ್ಮ ಕಾಯಿಲ್ ಸುತ್ತುತ್ತಿದ್ದಳು.

"ನಿನ್ನ ಕೆಲಸ ಏನು ಅಂತ ಕೇಳೋರಿಗೆಲ್ಲಾ ಸೋಲಾರ್ ಅಂತೀನಿ. ಆಮೇಲೆ ಏನು ಹೇಳಬೇಕೋ ನಂಗೇ ಗೊತ್ತಿಲ್ಲ. ಒಂದು ದಿನಾನಾದ್ರೂ ತೋರಿಸಮ್ಮ."

ಲಾವಣ್ಯಳ ಬ್ಯಾಗಿನಲ್ಲಿ ಹಳೆಯ ಪಾಕದ ಒಂದು ಸತ್ತ ಬಿಲ್ಲೆ ಇತ್ತು. ತೆಗೆದು ಕೊಟ್ಟಳು. "ಇದು ಹಳೇದು ಕಣಮ್ಮ. ಒಳಕ್ಕೆ ತೇವ ಹೋಗಿ ಹಳದಿ ಆಗಿದೆ. ನಾನು ಮಾಡಿರೋದು ಇನ್ನೂ ಕಪ್ಪಗೇ ಐತೆ."

ಮುನಿಗಂಗಮ್ಮ ಬಿಲ್ಲೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. "ಸುತ್ತ ಏನಿದು, ರಬ್ಬರಾ?"

"ಹ್ಞೂಂ. ನೀರು ಹೋಗದೆ ಇರ್ಲಿ ಅಂತ ನಾಲ್ಕು ಅಂಚಿಗೂ ಹಾಕ್ತೀವಿ."

"ರಬ್ಬರು ಚೆನ್ನಾಗೇ ಕೂತಿದೆ. ನೋಡು, ಈ ಮೂರು ಮೂಲೇಲಿ ಹಳದೀನೇ ಇಲ್ಲ. ಎಲ್ಲಾ ಇಲ್ಲಿಂದ ಶುರುವಾಗಿದೆ, ವೈರು ಹೊರಗೆ ಬರೋ ಕಡೆಯಿಂದ."

"ಅಲ್ಲೂ ರಬ್ಬರ್ ಇದೆಯಮ್ಮ."

"ವೈರಿನ ಮೇಲಿದೆ. ಒಳಗಿದೆಯಾ?"

ಮುನಿಗಂಗಮ್ಮ ಬ್ಲೇಡ್ ತೆಗೆದುಕೊಂಡು ವೈರಿನ ಕೆಂಪು ಹೊದಿಕೆಯನ್ನು ಉದ್ದಕ್ಕೆ ಸೀಳಿದಳು. ಒಳಗಿನ ಸಣ್ಣ ಸಣ್ಣ ಎಳೆಗಳು ತಾಮ್ರದ ಬಣ್ಣದಲ್ಲಿರಲಿಲ್ಲ. ಕಪ್ಪಾಗಿದ್ದವು. ಇನ್ನೂ ಮುಂದಕ್ಕೆ ಸೀಳಿದಳು. ಗಾಜಿನವರೆಗೂ ಕಪ್ಪು.

"ಇದೋ ಚೂಡು, ನೋಡಿಲ್ಲಿ," ಎಂದಳು. "ನಮ್ಮ ಮೋಟರಲ್ಲೂ ಇದೇ ಕಾಯಿಲೆ. ಕೇಬಲ್ ಎಲ್ಲೋ ಒಂದು ಕಡೆ ತರಚಿದ್ರೆ ಸಾಕು, ಎಳೆಗಳ ಸಂದೀಲಿ ನೀರು ನಡ್ಕೊಂಡು ಜಾಯಿಂಟ್‌ವರೆಗೂ ಬರ್ತದೆ. ಮೋಟರ್ ಬಿಸಿಯಾದಾಗ ಗಾಳಿ ಹೊರಗೆ ಬಿಡ್ತದೆ, ತಣ್ಣಗಾದಾಗ ಒಳಕ್ಕೆ ಎಳ್ಕೊಂತದೆ. ಅದರ ಜೊತೇಲಿ ನೀರೂ ಹೋಗ್ತದೆ. ಅದಕ್ಕೇ ನಾನು ಜಾಯಿಂಟಲ್ಲಿ ಎಳೆ ಬಿಡಿಸಿ ಬೆಸುಗೆ ತುಂಬಿಸ್ತೀನಿ. ನಿನ್ನ ಹೊಸದಕ್ಕೂ ಇದೇ ವೈರಾ?"

ಲಾವಣ್ಯಳಿಗೆ ಆಗ ನೆನಪಾಯಿತು. ಹಳೆಯ ಪಾಕದ ಬಿಲ್ಲೆಗಳನ್ನು ಅವಳು ಒಂದು ತಿಂಗಳು ಮೊದಲೇ ತಯಾರಿಸಿದ್ದಳು. ಹೊಸವನ್ನು ಮಾಡುವಷ್ಟರಲ್ಲಿ ಆ ವೈರು ಮುಗಿದು, ಲ್ಯಾಬಿಗೆ ತಾಮ್ರದ ಚಪ್ಪಟೆ ಪಟ್ಟಿ ಬಂದಿತ್ತು. ಅಖಂಡ ಪಟ್ಟಿ. ಒಳಗೆ ಎಳೆಯಿಲ್ಲ, ಸಂದಿಲ್ಲ. ಅದೇನು ದೊಡ್ಡ ವಿಷಯವೆಂದು ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ.

"ಯಾಕಮ್ಮ, ಮುಖ ಹಿಂಗಾಯ್ತು?"

"ನನ್ನ ಲವಣ ಉಳಿಸಿಲ್ಲಮ್ಮ. ಪಟ್ಟಿ ಉಳಿಸಿರೋದು."

ಮುನಿಗಂಗಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ತಾನು ಬ್ಲೇಡ್ ಹಿಡಿದದ್ದರಿಂದ ಮಗಳದ್ದೇನೋ ಕೆಟ್ಟಿತು ಎಂಬಷ್ಟು ಆಯಿತು. "ನಾನು ಸುಮ್ನಿರಬೇಕಾಗಿತ್ತು," ಎಂದಳು.

"ಇಲ್ಲಮ್ಮ," ಎಂದಳು ಲಾವಣ್ಯ. ಆದರೂ ಆ ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. ಯಾರಿಗೂ ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಬಂದಿತು. ಅವಳು ಅದನ್ನು ಓಡಿಸಲೂ ಇಲ್ಲ, ಅದರ ಮಾತು ಕೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಉಳಿದ ಹನ್ನೊಂದು ಸತ್ತ ಬಿಲ್ಲೆಗಳ ವೈರುಗಳನ್ನೂ ಸೀಳಿದಳು. ಒಂಬತ್ತರಲ್ಲಿ ಗಾಜಿನವರೆಗೂ ಕಪ್ಪು, ಎರಡರಲ್ಲಿ ಅರ್ಧದವರೆಗೆ. ಎಲ್ಲವನ್ನೂ ಒಂದು ಬಿಳಿ ಹಾಳೆಯ ಮೇಲೆ ಅಂಟಿಸಿ ಡಾ. ಮಹತಿಯವರ ಮೇಜಿನ ಮೇಲಿಟ್ಟಳು. ನಡೆದದ್ದನ್ನು ಹೇಳಿದಳು.

ಮಹತಿ ಕನ್ನಡಕ ತೆಗೆದು ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. ಒಂದೊಂದೇ ವೈರಿನ ಮೇಲೆ ಬೆರಳಾಡಿಸಿದರು.

"ಪಟ್ಟಿ ಬದಲಾಗಿದ್ದು ನನಗೂ ಕಾಣಿಸಬೇಕಾಗಿತ್ತು," ಎಂದರು ಕೊನೆಗೆ. "ಪೇಪರಲ್ಲಿರೋ ಬಿಲ್ಲೆಗಳ ಫೋಟೋ ನಾನೂ ಎಷ್ಟು ಸಲ ನೋಡಿದ್ದೀನಿ. ಪೇಪರ್ ವಾಪಸ್ ತಗೊಳ್ಳೋಣ. ಇವತ್ತೇ."

"ಫೆಲೋಶಿಪ್ಪು, ಮೇಡಂ?"

"ಆರು ತಿಂಗಳು ಮುಂದುವರಿಸಿ ಅಂತ ಬರೀತೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ನೀನು ಮಾತ್ರ ಕಾಯ್ತಾ ಕೂತ್ಕೋಬೇಡ."

ಪತ್ರಿಕೆಗೆ ಬರೆದ ಪತ್ರದ ಕೊನೆಯ ಸಾಲನ್ನು ಲಾವಣ್ಯ ನಾಲ್ಕು ಸಲ ಅಳಿಸಿ ಬರೆದಳು. ಕಳಿಸಿದ ಮೇಲೆ, ಏನೋ ಹಗುರಾಗುತ್ತದೆ ಎಂದು ಕಾದಳು. ಹಗುರಾಗಲಿಲ್ಲ. ಮರುದಿನ ಕೆಲಸಕ್ಕೆ ಕೈ ಹಾಕಿದ ಮೇಲೆ ಸ್ವಲ್ಪ ಆಯಿತು.

ಜನವರಿಯ ನಡುವೆ ಕಳವಾರದ ಚೌಕಟ್ಟಿನ ಮೇಲೆ ಮೂವತ್ತು ಬಿಲ್ಲೆಗಳು ಕೂತವು. ಹಳೆಯ ಪಾಕದವು ಹನ್ನೆರಡು, ಹೊಸ ಪಾಕದವು ಹನ್ನೆರಡು, ಎಲ್ಲಕ್ಕೂ ಪಟ್ಟಿಯೇ. ಇನ್ನು ಆರು ಹೊಸ ಪಾಕದವಕ್ಕೆ ಬೇಕೆಂದೇ ಎಳೆಯ ವೈರು ಹಾಕಿದ್ದಳು. ಮೇಷ್ಟ್ರಿಗೆ ಅದು ಸರಿಬರಲಿಲ್ಲ. "ಕೆಡ್ತದೆ ಅಂತ ಗೊತ್ತಿದ್ದೂ ಯಾಕಮ್ಮ ಇಡ್ತೀಯ?"

"ಕೆಡ್ತದೋ ಇಲ್ವೋ ಅಂತ ಇನ್ನೂ ಗೊತ್ತಿಲ್ಲ ಸಾರ್. ನಾವು ಅಂದ್ಕೊಂಡಿದ್ದೀವಿ ಅಷ್ಟೆ."

ಕೆಟ್ಟವು. ನಲವತ್ತೇಳು ದಿನದಲ್ಲಿ ಆರೂ ಹಳದಿಯಾದವು, ಹೊಸ ಲವಣ ಇದ್ದರೂ. ಮುನಿಗಂಗಮ್ಮ ಹೇಳಿದ್ದು ನಿಜವಾಯಿತು. ಆ ವಾರವೇ ಫೆಲೋಶಿಪ್ಪಿನ ಪತ್ರವೂ ಬಂತು. ಆರಲ್ಲ, ಎಂಟು ತಿಂಗಳು ಕೊಟ್ಟಿದ್ದರು. ಅವಳು ತನ್ನ ಫಲಿತಾಂಶವನ್ನು ತಾನೇ ಹಿಂದೆಗೆದುಕೊಂಡ ಬಗ್ಗೆ ಅದರಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬರೆದಿರಲಿಲ್ಲ.

ಉಳಿದ ಇಪ್ಪತ್ತನಾಲ್ಕು ಬೇಸಿಗೆ ದಾಟಿದವು. ಎಲ್ಲರೂ ಕೈಬಿಟ್ಟಿದ್ದ ಹಳೆಯ ಪಾಕ ನೂರ ಎಪ್ಪತ್ತೊಂದು ದಿನ ಬಾಳಿತು. ಹೊಸದು ಇನ್ನೂರ ಹದಿನಾಲ್ಕು. ಮೂರು ಪಟ್ಟಲ್ಲ, ನಲವತ್ತಮೂರು ದಿನ ಮಾತ್ರ ಹೆಚ್ಚು. ಆದರೆ ಹನ್ನೆರಡಕ್ಕೆ ಹನ್ನೆರಡೂ ಅದೇ ಮಾತು ಹೇಳಿದವು. ಈ ಸಲ ಹಳದಿ ಯಾವ ಮೂಲೆಯಿಂದಲೂ ಶುರುವಾಗಲಿಲ್ಲ. ಬಿಸಿಗೆ ಇಡೀ ಲೇಪವೇ ನಿಧಾನವಾಗಿ ಬಡವಾಗುತ್ತ ಬಂದಿತ್ತು. ತೇವದ ಗಲಾಟೆಯಲ್ಲಿ ಇಷ್ಟು ದಿನ ಕಾಣದೆ ಹೋಗಿದ್ದ ಬಿಸಿಯ ಕೇಡು ಈಗ ಒಂಟಿಯಾಗಿ ಸಿಕ್ಕಿತ್ತು. "ಇನ್ನು ಇದರ ಹಿಂದೆ ಬೀಳಬಹುದು," ಎಂದರು ಮಹತಿ. ಅವರ ದನಿಯಲ್ಲಿ ಬಹಳ ದಿನದ ಮೇಲೆ ಹುರುಪಿತ್ತು. ಲೇಖನ ಈ ಸಲ ಒಂದು ಸಣ್ಣ ಪತ್ರಿಕೆಗೆ ಹೋಯಿತು. ಎರಡು ತಿಂಗಳಲ್ಲಿ ಒಪ್ಪಿಗೆಯಾಯಿತು. ವೈರಿನ ವಿಷಯಕ್ಕೇ ಅದರಲ್ಲಿ ಒಂದು ಭಾಗವಿತ್ತು. ಮೂರು ಊರುಗಳ ಲ್ಯಾಬಿನವರು ತಮ್ಮ ಸತ್ತ ಬಿಲ್ಲೆಗಳನ್ನೂ ಸೀಳಿ ನೋಡುತ್ತೇವೆಂದು ಮೇಲ್ ಕಳಿಸಿದರು.

ಅಕ್ಟೋಬರಿನ ಕೊನೆಯಲ್ಲಿ ಮೂರನೆಯ ಕಂತನ್ನು ಏರಿಸುವ ದಿನ ಮುನಿಗಂಗಮ್ಮ ಮೊದಲ ಬಾರಿಗೆ ಕಳವಾರಕ್ಕೆ ಬಂದಳು. ಮೇಷ್ಟ್ರು ಅವಳಿಗೆ ಕುರ್ಚಿ ಹಾಕಿಸಿದರೆ, ಅವಳು ಕೂರದೆ ಚೌಕಟ್ಟಿನ ಸುತ್ತ ಎರಡು ಸುತ್ತು ಬಂದು ಒಂದೊಂದು ಜಾಯಿಂಟನ್ನೂ ಬೆರಳಲ್ಲಿ ಒತ್ತಿ ನೋಡಿದಳು.

"ಎಷ್ಟು ದಿನ ಬಾಳಬೇಕು ಇದು?" ಎಂದು ಕೇಳಿದಳು.

"ಮನೆ ಮೇಲೆ ಹಾಕಬೇಕಂದ್ರೆ ಇಪ್ಪತ್ತೈದು ವರ್ಷ."

"ಈಗ?"

"ಏಳು ತಿಂಗಳು."

ಮುನಿಗಂಗಮ್ಮ ಇನ್ನೊಂದು ಜಾಯಿಂಟನ್ನು ಒತ್ತಿ ನೋಡಿದಳು. "ನಾನು ಮೊದಲನೇ ಸಲ ಸುತ್ತಿದ ಮೋಟರು ಹನ್ನೊಂದೇ ದಿನ ಓಡ್ತು. ನಿಮ್ಮಪ್ಪ ಊರೋರಿಗೆ ಏನು ಹೇಳೋದೋ ಅಂತ ಎರಡು ದಿನ ಅಂಗಡಿ ಬಾಗಿಲೇ ತೆಗೀಲಿಲ್ಲ. ಈಗ ಒಂಬತ್ತು ವರ್ಷ ಓಡಿರೋದೂ ಐತೆ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇನ್ನೆಷ್ಟಿದೆ ಹಾಕೋದು? ಕೊಡು ಇಲ್ಲಿ, ನಾನು ಹಿಡ್ಕೊಂತೀನಿ."

ಅವಳು ಗಾಜನ್ನು ಅಂಚಿನಲ್ಲಿ ಹಿಡಿದಳು. ಲಾವಣ್ಯ ತಿರುಪು ಬಿಗಿದಳು. ಮಂಜು ಕರಗಿ ಬೆಟ್ಟದ ಮೇಲೆ ಬಿಸಿಲು ಹರಡಿತ್ತು. ಮೊದಲ ಬಿಲ್ಲೆಯ ಮೀಟರಿನಲ್ಲಿ ಅಂಕಿ ನಿಧಾನವಾಗಿ ಏರತೊಡಗಿತು.