ಸರಿತಾ ಬರೆದ ತಕ್ಕಡಿ

2002ರ ಒಂದು ಮುಂಜಾನೆ ದುಬಲಗುಂಡಿಯ ಸರಿತಾ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಬಸವಕಲ್ಯಾಣಕ್ಕೆ ಬಂದಳು. ಶಂಕರಲಿಂಗ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಕೆಲಸವೊಂದು ಖಾಲಿ ಇತ್ತು. ಅವಳಿಗೆ ಅದು ಬೇಕೇ ಬೇಕಿತ್ತು. ಹಿಂದೆ ಎರಡು ಕಡೆ ಪರೀಕ್ಷೆಯೇನೋ ಚೆನ್ನಾಗಿಯೇ ಆಗಿತ್ತು, ಕೊನೆಗೆ "ನೀವು ಯಾರ ಪೈಕಿ?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಕೆಲಸ ಇನ್ಯಾರಿಗೋ ಕೊಟ್ಟಿದ್ದರು.

ಸಾಮಾನು ತೂಗುವ ಪ್ರೋಗ್ರಾಮ್ ಬರೆಯಲು ಶಂಕರಲಿಂಗ ಹೇಳಿದರು. ಅರ್ಧ ಗಂಟೆಯಲ್ಲಿ ಬರೆದಳು. ಅವರು ಬೇಳೆಯಲ್ಲಿ ಹರಳು ಹುಡುಕುವವರಂತೆ ಪರದೆ ನೋಡಿದರು.

"ತೂಗೋ ಕೆಲಸ ಮಾಡೋ ಈ 'ತೂಗು' ಮೆಥಡ್‌ನ್ಯಾಗ ಬರೋ ಸಾಮಾನು ಯಾವ ನಮೂನಿದು ಅನ್ನೋ ಟೈಪೇ ಬರದಿಲ್ಲಲ್ಲ! ಖಾಲಿ ಬಿಟ್ರ ಮಷೀನು ಅಂಕಿ ಅಂತ ತಿಳಕೋತದ."

"ಅದು ಹಳೇ ಸಿ ಭಾಷಾದಾಗ್ರಿ ಸರ್. ಈ ಭಾಷಾದಾಗ ಮೆಥಡ್‌ನ ಟೈಪ್ ಖಾಲಿ ಬಿಟ್ರ, ಯಾವ ವಸ್ತು ಬಂದ್ರೂ ನಡೀತದ ಅಂತ. ನಮ್ಮ ಮುದುಕಿ ಆಯಿ ಸಂತ್ಯಾಗ ಹುಣಸೆಹಣ್ಣು ಮಾರ್ತಾಳ್ರಿ. ಆಕಿ ತಕ್ಕಡ್ಯಾಗ ಮಂದಿ ಕೂಸಿಗಿ ಸೈತ ತೂಗಸ್ತಾರ. ತಕ್ಕಡಿ ನೀ ಯಾರು ಅಂತ ಕೇಳಂಗಿಲ್ರಿ, ಭಾರ ಎಷ್ಟು ಅಂತಷ್ಟೇ ಕೇಳ್ತದ."

ಶಂಕರಲಿಂಗ ಸುಮ್ಮನೆ ನಂಬುವ ಆಸಾಮಿಯಲ್ಲ. ತಾವೇ ಕೂತು 'ಕೂಸು' ಎಂಬ ಹೊಸ ವಸ್ತು ಬರೆದು, ಮೂರು ಕಿಲೋ ಭಾರ ಕೊಟ್ಟು ಓಡಿಸಿದರು. ಪರದೆಯ ಮೇಲೆ ಮೂರು ಎಂದೇ ಬಂತು. ಹಟ ಬಿಡದೆ 'ಗಾಳಿ' ಬರೆದರು, ಅದಕ್ಕೆ ಭಾರ ಹೇಳುವುದನ್ನೇ ಕಲಿಸಲಿಲ್ಲ. ಪ್ರೋಗ್ರಾಮ್ ತಪ್ಪು ತೋರಿಸಿ ನಿಂತುಬಿಟ್ಟಿತು.

"ಈಗ ಯಾನ್ ಹೇಳ್ತೀರಿ?"

"ಗಾಳಿ ತೂಗಸಾಕ ಬಂದವ್ರಿಗಿ ನಮ್ಮ ಆಯಿ ತೂಕದ ಕಲ್ಲು ಹಿಡಕೊಂಡು ಬೆನ್ನ ಹತ್ತತಾಳ್ರಿ. ಮಷೀನು ಪಾಪ, ಬೈದು ಸುಮ್ಮನಾಗ್ಯದ."

ಶಂಕರಲಿಂಗ ಮೇಜು ಕುಟ್ಟಿ ನಕ್ಕರು. ಅರ್ಜಿ ಎಳೆದುಕೊಂಡು ಹೆಸರು, ಊರು ತುಂಬಿದರು. ಜಾತಿ ಎಂಬ ಸಾಲಿಗೆ ಬಂದು ಪೆನ್ನು ನಿಂತಿತು.

"ಮತ್ತ ನೀವು ಯಾರ..."

ಸರಿತಾ ತನ್ನ ಚೀಲ ಎತ್ತಿಕೊಂಡಳು. ಶಂಕರಲಿಂಗ ಯಾಕೋ ಪರದೆಯ ಮೇಲಿನ 'ತೂಗು' ಕಡೆ ನೋಡಿದರು, ಅವರ ಕಿವಿ ಕೆಂಪಾಯಿತು. ಆ ಸಾಲನ್ನು ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದರು.

"ನಾಳಿ ಹತ್ತಕ್ಕ ಬರ್ರಿ, ಮೇಡಂ."

ಮೇಡಂ! ಆ ಮಾತನ್ನು ಹುಮನಾಬಾದಿನವರೆಗೂ ಮನಸ್ಸಿನಲ್ಲೇ ಚಪ್ಪರಿಸುತ್ತ ಬಂದ ಸರಿತಾ, ಅಲ್ಲಿ ಇಳಿದು ಪೇಡೆ ಕೊಂಡಳು. ಊರು ಸೇರಿದೊಡನೆ ಮೊದಲ ಪೇಡೆಯನ್ನು ಅಜ್ಜಿ ಮುಕ್ತಾಬಾಯಿಯ ತಕ್ಕಡಿಯಲ್ಲಿಟ್ಟು ಸುದ್ದಿ ಹೇಳಿದಳು. ಆಯಿ ಮೊಮ್ಮಗಳ ಕೆನ್ನೆ ಸವರಿ, ಅದನ್ನು ತೂಗದೆಯೇ ಬಾಯಿಗೆ ಹಾಕಿಕೊಂಡಳು.